ಉಪ್ಪುನೀರಿನ ‘ಫ್ಲೈ’ಗೆ ‘ನೊಣ’ ಎನ್ನಬಹುದೇ? ಗಾಳದ ಕೆಲವು ಪದಗಳ ಬಗ್ಗೆ

ಉಷ್ಣವಲಯದ ಕಡಲಿನಲ್ಲಿ ಫ್ಲೈ ಫಿಶಿಂಗ್ ಮಾಡುವವರು (‘ಫ್ಲೈ’ ಎಂಬ ಹಗುರವಾದ ಕೃತಕ ಗಾಳದಿಂದ ಮೀನು ಹಿಡಿಯುವವರು) ತಮ್ಮ ಗಾಳ, ದಾರ, ಕೋಲುಗಳನ್ನು ಹೇಗೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ಕನ್ನಡದಲ್ಲಿ ವಿವರಿಸುವ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಮೊದಲನೆಯದು ‘ಫ್ಲೈ’ ಎಂಬ ಪದವೇ.

ನಿಘಂಟಿನಲ್ಲಿ ‘ನೊಣ’ ಎಂಬ ಅರ್ಥ ಕೂಡಲೇ ಸಿಗುತ್ತದೆ. ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಮೀನು ನೀರಿನ ಮೇಲೆ ಇಳಿದ ಕೀಟಗಳನ್ನು ತಿನ್ನುವುದರಿಂದ, ಅವುಗಳನ್ನು ಹೋಲುವಂತೆ ಕೊಕ್ಕೆಗೆ ಗರಿ ಮತ್ತು ಕೂದಲನ್ನು ಸುತ್ತಿ ಕಟ್ಟುವ ಗಾಳಕ್ಕೆ ಆ ಹೆಸರು ಒಪ್ಪುತ್ತದೆ. ಆದರೆ ಬಹಾಮಾಸ್, ಫ್ಲಾರಿಡಾ ಕೀಸ್, ಸೇಶೆಲ್ಸ್, ಕಿರಿಟಿಮಾಟಿ ದ್ವೀಪಗಳ ಸುತ್ತಲಿನ ಆಳವಿಲ್ಲದ ಕಡಲಿನಲ್ಲಿ ಬೋನ್‌ಫಿಶ್ ಎಂಬ ಮೀನು ಹುಡುಕುವುದು ಸಿಗಡಿ, ಏಡಿ, ಹುಳು, ಸಣ್ಣ ಮೀನುಗಳನ್ನು. ಅಲ್ಲಿನ ಗಾಳಕ್ಕೂ ನೊಣಕ್ಕೂ ಯಾವ ಹೋಲಿಕೆಯೂ ಇಲ್ಲ. ‘ನೊಣ’ ಎಂದು ಬರೆದರೆ ಓದುಗರು ನೀರಿನ ಮೇಲೆ ತೇಲುವ ವಸ್ತುವನ್ನು ಕಲ್ಪಿಸಿಕೊಳ್ಳುತ್ತಾರೆ, ಆಯ್ಕೆಯ ಮುಖ್ಯ ತತ್ವವೇ ಅವರಿಗೆ ತಪ್ಪಿಹೋಗುತ್ತದೆ. ಏಕೆಂದರೆ ಇಲ್ಲಿ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಗಾಳ ಎಷ್ಟು ಬೇಗ ಮುಳುಗಿ ತಳ ಸೇರುತ್ತದೆ ಎಂಬುದು.

‘ಕ್ರೇಜಿ ಚಾರ್ಲಿ’ಯನ್ನೇ ನೋಡಿ. 1977ರಲ್ಲಿ ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಚಾರ್ಲಿ ಸ್ಮಿತ್ ಎಂಬ ಮಾರ್ಗದರ್ಶಿಯೊಡನೆ ಮೀನು ಹಿಡಿಯುತ್ತಿದ್ದ ಬಾಬ್ ನೌಹೈಮ್ ರೂಪಿಸಿದ ಗಾಳವಿದು. ಕೊಕ್ಕೆಯ ಕಾಂಡಕ್ಕೆ ಮಿನುಗುವ ಎಳೆಯನ್ನು ಸುತ್ತಿ, ಅದರ ಮೇಲೆ ಪಾರದರ್ಶಕ ನೈಲಾನ್ ದಾರವನ್ನು ಒತ್ತಾಗಿ ಸುತ್ತುತ್ತಾರೆ. ಮುಂದೆ ದಾರ ಕಟ್ಟುವ ಕಣ್ಣಿನ ಬಳಿ, ಮಣಿಸರಪಣಿಯಿಂದ ಕತ್ತರಿಸಿಕೊಂಡ ಎರಡು ಲೋಹದ ಮಣಿಗಳನ್ನು ಸಿಗಡಿಯ ಕಣ್ಣುಗಳಂತೆ ಬಿಗಿಯುತ್ತಾರೆ. ಆ ಮಣಿಗಳ ಭಾರಕ್ಕೆ ಗಾಳ ಮಗುಚಿಕೊಂಡು, ಮೊನೆ ಮೇಲಾಗಿ ಸಾಗುತ್ತದೆ. ಹಾಗಾಗಿ ತಳದ ಹುಲ್ಲಿಗೂ ಹವಳಕ್ಕೂ ಅಷ್ಟು ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಪಾದ ಮುಳುಗುವಷ್ಟೇ ನೀರಿದ್ದರೆ ಮಣಿಯಿಲ್ಲದ ಅಥವಾ ಹಗುರ ಮಣಿಯ ಗಾಳವೇ ಬೇಕು, ಭಾರದ್ದು ಬಿದ್ದ ಸದ್ದಿಗೆ ಮೀನು ಬೆದರಿ ಓಡುತ್ತದೆ. ತೊಡೆಮಟ್ಟದ ನೀರಿಗೆ ಸೀಸದ ಗುಂಡಿನ ಕಣ್ಣು. ಪರ್ಮಿಟ್ ಮೀನಿಗಾಗಿ ಕಟ್ಟುವ ಏಡಿ ಮಾದರಿಯಂತೂ ಬಿದ್ದೊಡನೆ ತಳಕ್ಕಿಳಿಯಬೇಕು, ಬೆದರಿದ ಏಡಿ ಮಾಡುವುದೂ ಅದನ್ನೇ. ಬಿಳಿ ಮರಳಿಗೆ ತಿಳಿ ಬಣ್ಣ, ಹುಲ್ಲಿನ ತಳಕ್ಕೆ ತುಸು ಗಾಢ ಬಣ್ಣ ಎಂಬ ಲೆಕ್ಕ ಇದಾದ ನಂತರದ್ದು.

ಹಾಗಾದರೆ ಇದನ್ನು ಏನೆಂದು ಕರೆಯೋಣ? ‘ಎರೆ’ ಎಂದರೆ ಮೀನು ನಿಜವಾಗಿ ತಿನ್ನುವ ವಸ್ತು. ಕಾವೇರಿಯಲ್ಲಿ ಮಹಶೀರ್‌ಗೆ ಗಾಳ ಹಾಕುವವರು ಕೊಕ್ಕೆಗೆ ಮೆತ್ತುತ್ತಿದ್ದ ರಾಗಿಯ ಉಂಡೆ ಎರೆಯೇ. ‘ಹುಸಿಯೆರೆ’ ಎಂದರೆ ಮರದ, ಲೋಹದ, ಪ್ಲಾಸ್ಟಿಕ್ಕಿನ ಎಲ್ಲ ಕೃತಕ ಮೀನುಗಳೂ ಅದರೊಳಗೆ ಬಂದುಬಿಡುತ್ತವೆ. ಕಟ್ಟಿ ಮಾಡಿದ್ದು ಎಂಬರ್ಥದಲ್ಲಿ ‘ಕಟ್ಟೆರೆ’ ಎಂದು ಒಬ್ಬ ಗೆಳೆಯರು ಸೂಚಿಸಿದ್ದಾರೆ. ಅರ್ಥ ಸರಿಯಿದೆ, ಆದರೆ ಕಿವಿಗೆ ‘ಕಟ್ಟೆ’ ಎಂಬ ಪದವೇ ಮೊದಲು ಬೀಳುತ್ತದೆ. ನನ್ನ ಒಲವು ‘ಗರಿಗಾಳ’ದ ಕಡೆಗಿದೆ. ಈಗ ಕೃತಕ ನಾರಿನಲ್ಲಿ ಕಟ್ಟುವುದೂ ಬಹಳವಾದ್ದರಿಂದ ಅದಕ್ಕೂ ಆಕ್ಷೇಪ ಬರಬಹುದು, ಬರಲಿ.

ಎರಡನೆಯ ತೊಡಕು, ಕೋಲು ಮತ್ತು ದಾರಗಳನ್ನು ಅಂಕಿಯಿಂದ ಗುರುತಿಸುವಾಗ ಇಂಗ್ಲಿಷಿನಲ್ಲಿ ಬಳಸುವ ‘ವೆಯ್ಟ್’ ಎಂಬ ಪದ. ಬೋನ್‌ಫಿಶ್‌ಗೆ ಸಾಮಾನ್ಯವಾಗಿ 8ರ ಕೋಲು, ಪರ್ಮಿಟ್‌ಗೆ 9 ಅಥವಾ 10, ದೊಡ್ಡ ಟಾರ್ಪನ್ ಮತ್ತು ಜೈಂಟ್ ಟ್ರೆವಲಿ ಮೀನುಗಳಿಗೆ 11 ಅಥವಾ 12 ಎಂದು ಹೇಳುತ್ತಾರೆ. ಈ ಅಂಕಿ ಕೋಲಿನ ತೂಕವೂ ಅಲ್ಲ, ದಾರ ತಡೆದುಕೊಳ್ಳುವ ಭಾರವೂ ಅಲ್ಲ. ಅಮೆರಿಕದ ಗಾಳದ ಸಲಕರಣೆ ತಯಾರಕರ ಸಂಘ ಗೊತ್ತುಪಡಿಸಿದ ಅಳತೆಯಂತೆ, ಆ ಕೋಲಿಗೆ ಹೊಂದುವ ದಾರದ ಮೊದಲ 30 ಅಡಿಯ ತೂಕವನ್ನು ಅದು ಸೂಚಿಸುತ್ತದೆ. 8ರ ದಾರಕ್ಕೆ ಅದು 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ, 12ರದಕ್ಕೆ 380 ಗ್ರೇನ್, ಸುಮಾರು 24.6 ಗ್ರಾಂ. ಉಳಿದ ಗಾಳಗಳಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದೊಯ್ದರೆ, ಇಲ್ಲಿ ದಾರದ ಭಾರವೇ ಹಗುರವಾದ ಗರಿಗಾಳವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಗುಂಡಿನ ಗಾಳವನ್ನು ‘ಎಸೆ’ಯುವುದು, ಗರಿಗಾಳವನ್ನು ‘ಬೀಸು’ವುದು ಎಂದು ಕ್ರಿಯಾಪದಗಳನ್ನೇ ಬೇರ್ಪಡಿಸಿದರೆ ಅರ್ಥ ತಿಳಿಯಾಗುತ್ತದೆಂದು ನನಗೆ ಅನ್ನಿಸುತ್ತದೆ. ‘ಬೀಸುಬಲೆ’ ಈಗಾಗಲೇ ನಮ್ಮ ಬಳಕೆಯಲ್ಲಿದೆ. ಆದರೆ 8, 12 ಎಂಬ ಅಂಕಿಗೆ ‘ತೂಕ’ ಎನ್ನುವ ಬದಲು ‘ದಾರದ ಅಂಕ’ ಎಂದರೆ ಸಾಕೇ? ದಾರ ಹರಿಯುವ ಮಿತಿಯನ್ನು ಪೌಂಡುಗಳಲ್ಲಿ ಹೇಳುವಾಗ ‘ತಾಳುಬಲ’ ಎನ್ನಬಹುದೇ?

ಬೀಸುವ ದಾರ, ರೀಲಿನಲ್ಲಿ ಅದರ ಅಡಿಗೆ ಸುತ್ತುವ ನೂರಾರು ಗಜದ ತೆಳು ದಾರ, ಗಾಳದ ಕಡೆ ಕಟ್ಟುವ ಒಂಬತ್ತು ಹನ್ನೆರಡು ಅಡಿಯ ಸಪುರವಾಗುತ್ತಾ ಹೋಗುವ ದಾರ, ಇವು ಮೂರಕ್ಕೂ ಬರೀ ‘ದಾರ’ ಎಂದರೆ ಗೊಂದಲ ತಪ್ಪದು. ಕ್ರಮವಾಗಿ ‘ಬೀಸುದಾರ’, ‘ಅಡಿದಾರ’, ‘ತುದಿದಾರ’ ಎಂದಿಟ್ಟುಕೊಂಡಿದ್ದೇನೆ. ತಣ್ಣೀರಿಗೆಂದು ಮಾಡಿದ ಬೀಸುದಾರವನ್ನು ಉಷ್ಣವಲಯಕ್ಕೆ ಒಯ್ದರೆ ಬಿಸಿಲಿಗೆ ಅದು ಮೆತ್ತಗಾಗಿ ಕೋಲಿನ ಉಂಗುರಗಳಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಗಡುಸು ತಿರುಳಿನ, ಬಿಸಿಗೆ ತಾಳುವ ಹೊದಿಕೆಯ ದಾರಗಳನ್ನು ಬೇರೆಯಾಗಿ ಮಾಡುತ್ತಾರೆ. ಇದನ್ನು ವಿವರಿಸುವಾಗ ‘ಬಿಗಿ’ ಎಂಬ ಪದವನ್ನು ಬಳಸದಿರುವುದು ಒಳ್ಳೆಯದು, ಏಕೆಂದರೆ ಮೀನು ಓಡುವಾಗ ರೀಲು ಒಡ್ಡುವ ತಡೆಗೆ ಅದೇ ಪದ ಬೇಕಾಗುತ್ತದೆ.

ಇನ್ನೊಂದು ಕ್ರಿಯಾಪದದ ಬಗ್ಗೆ ಕರಾವಳಿಯವರನ್ನು ವಿಶೇಷವಾಗಿ ಕೇಳಬೇಕಾಗಿದೆ. ಮೀನು ಬಾಯಿ ಹಾಕಿದಾಗ ಟ್ರೌಟ್ ಹಿಡಿಯುವವರು ಕೋಲನ್ನು ಮೇಲೆತ್ತುತ್ತಾರೆ. ಬೋನ್‌ಫಿಶ್‌ಗೆ ಹಾಗೆ ಮಾಡಿದರೆ ಗಾಳ ಅದರ ಬಾಯಿಂದ ಜಾರಿ ದೂರ ಹೋಗುತ್ತದೆ. ಕೋಲಿನ ತುದಿಯನ್ನು ಮೀನಿನತ್ತಲೇ ಹಿಡಿದು, ಎಡಗೈಯಿಂದ ದಾರವನ್ನು ಹಿಂದಕ್ಕೆ ಸೆಳೆಯಬೇಕು. ಕೈದಾರದಲ್ಲಿ ಮೀನು ಹಿಡಿಯುವ ನಮ್ಮವರು ಮೀನು ಕಚ್ಚಿದ್ದು ಕೈಗೆ ತಿಳಿದೊಡನೆ ಮಾಡುವ ಕೆಲಸಕ್ಕೆ ‘ಜಗ್ಗು’ ಎನ್ನುತ್ತಾರೆಯೇ, ‘ಸೆಳೆ’ ಎನ್ನುತ್ತಾರೆಯೇ, ಅಥವಾ ಅದಕ್ಕೆಂದೇ ಬೇರೊಂದು ಮಾತಿದೆಯೇ? ಹಾಗೆಯೇ ಉಬ್ಬರದಲ್ಲಿ ಮೊಣಕಾಲುದ್ದ ನೀರು ತುಂಬಿ ಇಳಿತದಲ್ಲಿ ಬರಿದಾಗುವ ವಿಶಾಲವಾದ ಮರಳ ನೆಲಕ್ಕೆ, ಇಂಗ್ಲಿಷಿನವರು ‘ಫ್ಲ್ಯಾಟ್ಸ್’ ಎನ್ನುವುದಕ್ಕೆ, ‘ಉಬ್ಬರದ ಬಯಲು’ ಎಂದು ಬರೆದಿದ್ದೇನೆ. ಉತ್ತರ ಕನ್ನಡದಲ್ಲೋ ಉಡುಪಿಯ ಕಡೆಯಲ್ಲೋ ರೂಢಿಯ ಪದವಿದ್ದರೆ, ಅದನ್ನು ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದನ್ನೂ ಸೇರಿಸಿ ತಿಳಿಸಬೇಕೆಂದು ಕೋರುತ್ತೇನೆ.