ಅಪ್‌ಡೇಟ್: ಕರಾವಳಿ ಸುತ್ತಲು ದೋಣಿ ಆರಿಸಿದೆವು
ಮಲ್ಪೆಯಿಂದ ಕಾರವಾರದವರೆಗೆ ತೀರ ಹಿಡಿದು ಹೋಗಲು, ರಾತ್ರಿ ಹೊಳೆಗಳಲ್ಲಿ ತಂಗಲು ಎಂಥ ದೋಣಿ ಒಳ್ಳೆಯದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ 24 ಅಡಿಯ ಫೈಬರ್ ಹಾಯಿದೋಣಿ ತಗೊಂಡೆವು. ಇದರ ಕೀಲ್, ಅಂದರೆ ತಳದಿಂದ ನೀರಿಗೆ ಇಳಿದಿರುವ ರೆಕ್ಕೆಯಂಥ ಭಾಗ, ಮೇಲೆತ್ತಬಹುದು.

ಮುಖ್ಯ ಕಾರಣ ಅಳಿವೆ. ಶರಾವತಿ, ಅಘನಾಶಿನಿ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ ಒಂದೇ ಕಡೆ ನಿಲ್ಲುವುದಿಲ್ಲ, ಮಳೆಗಾಲ ಕಳೆದರೆ ದಾರಿಯೇ ಬದಲಾಗಿರುತ್ತದೆ. ಒಂದೂವರೆ ಮೀಟರ್ ಆಳ ಬೇಡುವ ದೋಣಿಯಾದರೆ ಸುಮ್ನೆ ಭರತಕ್ಕೆ ಕಾಯುತ್ತಾ ಹೊರಗೇ ನಿಲ್ಲಬೇಕು. ನಮ್ಮದು ಕೀಲ್ ಎತ್ತಿದರೆ ಮೊಣಕಾಲುದ್ದ ನೀರಲ್ಲೂ ತೇಲುತ್ತದೆ. ಹಾಗಂತ ಇಳಿತದಲ್ಲಿ ಅಳಿವೆ ದಾಟುವುದಿಲ್ಲ. ಹೊರಗೆ ಹರಿಯುವ ಹೊಳೆನೀರಿಗೆ ಎದುರಿನ ಅಲೆ ಬಡಿದು ನೀರು ನೆಟ್ಟಗೆ ಏಳುತ್ತದೆ, ಚಿಕ್ಕ ದೋಣಿ ಮಗುಚಲು ಅಷ್ಟು ಸಾಕು.

ಹಾಯಿಗಿಂತ ಎಂಜಿನ್ ಮೇಲೇ ಜಾಸ್ತಿ ಖರ್ಚು ಮಾಡಿದೆವು. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ, ಉತ್ತರಕ್ಕೆ ಹೋಗುವವರಿಗೆ ಎದುರುಗಾಳಿ ಅಲ್ವಾ? ಬೆಳಗ್ಗೆ ನೆಲದ ಕಡೆಯಿಂದ ಬೀಸುವಾಗಲೇ ಹೊರಟುಬಿಡಬೇಕು.

ಜೂನ್‌ಗೆ ಮುಂಚೆ ದೋಣಿ ದಡಕ್ಕೆಳೆದು ಇಡಬೇಕು. ಹೊನ್ನಾವರದ ಕಡೆ ಜಾಗ ಗೊತ್ತಿದ್ದವರು ದಯವಿಟ್ಟು ತಿಳಿಸಿ.