ಅಪ್‌ಡೇಟ್: ಹಾರ್ಸ್‌ಹೆಡ್ ಮಾಡೆಲ್‌ನಲ್ಲಿ ಹೈಡ್ರೋಜನ್ ಅಣು ಅಂಚಿಗೆ ಬಂತು
ಸಿಗ್ಮಾ ಓರಿಯನಿಸ್ ನಕ್ಷತ್ರದ ಯುವಿ ಬೆಳಕು ಬೀಳುವ ಹಾರ್ಸ್‌ಹೆಡ್ ಎಂಬ ಅನಿಲ-ಧೂಳಿನ ಮೋಡದ ಕಂಪ್ಯೂಟರ್ ಮಾಡೆಲ್‌ನಲ್ಲಿ ಹೈಡ್ರೋಜನ್ ಅಣು ಅಷ್ಟು ಒಳಗೆ ಹೋದ ಮೇಲೇ ಯಾಕೆ ಕಾಣಿಸುತ್ತದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಸರಿಹೋಯಿತು.

ಕೋಡ್ ಧೂಳಿನ ನೆರಳನ್ನು ಮಾತ್ರ ಲೆಕ್ಕ ಹಾಕುತ್ತಿತ್ತು. ಈ ಅಣುವನ್ನು ಒಡೆಯುವುದು 912ರಿಂದ 1108 ಆಂಗ್‌ಸ್ಟ್ರಾಮ್ ನಡುವಿನ ಕೆಲವು ಗೆರೆಗಳ, ಅಂದರೆ ನಿರ್ದಿಷ್ಟ ತರಂಗಾಂತರಗಳ, ಯುವಿ ಬೆಳಕು. ಹತ್ತು ಸಲ ಹೀರಿದರೆ ಸುಮಾರು ಒಂದು ಸಲ ಒಡೆಯುತ್ತದೆ. ಮುಂದಿರುವ ಅಣುಗಳು ಆ ಬೆಳಕನ್ನು ತಿಂದುಬಿಟ್ಟರೆ ಹಿಂದಿನವು ಬಚಾವ್! ಈ ಸೆಲ್ಫ್ ಶೀಲ್ಡಿಂಗ್ ಸೇರಿಸಿದೆ. ಅಂಚಿನಲ್ಲಿ ಗ್ರಿಡ್ ಹೆಜ್ಜೆಗಳನ್ನೂ (ಲೆಕ್ಕ ಹಾಕುವ ಬಿಂದುಗಳ ನಡುವಿನ ಅಂತರ) ತುಂಬಾ ಸಣ್ಣದು ಮಾಡಿದೆ. ಅಣುವಿನ ಗ್ರಾಫ್ ಈಗ ಅಂಚಿನಲ್ಲೇ ನೆಟ್ಟಗೆ ಮೇಲೇರುತ್ತದೆ. ನೋಡಿ ನಿಜಕ್ಕೂ ಖುಷಿಯಾಯಿತು.

ಕಾರ್ಬನ್ ಮಾನಾಕ್ಸೈಡ್ ಇನ್ನೂ ಒಳಗೇ ಶುರುವಾಗುತ್ತದೆ. ಅದು ಹಾಗೇ ಇರಬೇಕು, ಅಲ್ವಾ? ಹೊರಗಡೆ ಕಾರ್ಬನ್ ಅಯಾನಾಗಿ 158 ಮೈಕ್ರಾನ್‌ನಲ್ಲಿ ಹೊಳೆಯುತ್ತಾ ಅನಿಲದ ಬಿಸಿ ಇಳಿಸುತ್ತದೆ. ಮುಂದೆ ನೋಡಬೇಕಾದದ್ದು ಧೂಳಿನಿಂದ ಹಾರುವ ಎಲೆಕ್ಟ್ರಾನ್‌ಗಳು ಕೊಡುವ ಬಿಸಿ.