ಆ್ಯಪ್‌ನಲ್ಲಿ ಏಳು ಮಾತ್ರೆ, ಅಪ್ಪ ನುಂಗೋದು ಐದು

ಪ್ರಶ್ನೆ (ಮಲ್ಲೇಶ್ವರಂ): ಮೇಡಂ, ಅಪ್ಪನಿಗೆ 74 ವರ್ಷ. ಬಿಪಿ, ಶುಗರ್ ಎರಡೂ ಇದೆ. ಮುಂದಿನ ವಾರ ಹರ್ನಿಯಾ ಆಪರೇಷನ್. ಆಸ್ಪತ್ರೆಯ ಆ್ಯಪ್‌ನಲ್ಲಿ ಏಳು ಮಾತ್ರೆ ತಗೋತಿದ್ದಾರೆ ಅಂತಿದೆ. ಆಮ್ಲೋಡಿಪಿನ್‌ನಿಂದ ಕಾಲು ಊದುತ್ತೆ ಅಂತ ಆ ಬಿಪಿ ಮಾತ್ರೆಯನ್ನ ಅವರೇ ಬಿಟ್ಟು ಆರು ತಿಂಗಳಾಯ್ತು. ಕೊಲೆಸ್ಟರಾಲ್ ಮಾತ್ರೆ ನೆನಪಾದರೆ ಉಂಟು. ಮಂಡಿನೋವಿಗೆ ಮೆಡಿಕಲ್ ಶಾಪಿಂದ ತರಿಸಿಕೊಳ್ಳೋ ಡೈಕ್ಲೋಫೆನಾಕ್ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. "ಎಲ್ಲಾ ಕಂಪ್ಯೂಟರಲ್ಲಿದೆ, ಅವರೇ ನೋಡ್ಕೊತಾರೆ" ಅಂತಾರೆ ಅಪ್ಪ. ಹಾಗೇ ಬಿಡಬಹುದಾ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್): ದಯವಿಟ್ಟು ಬಿಡಬೇಡಿ. ಕಂಪ್ಯೂಟರಿಗೆ ಗೊತ್ತಿರೋದು ಡಾಕ್ಟರು ಬರೆದದ್ದು, ನಿಮ್ಮಪ್ಪ ನುಂಗಿದ್ದಲ್ಲ. ಒಮ್ಮೆ ಹತ್ತಿದ ಹೆಸರು, ಯಾರಾದರೂ ತೆಗೆಯೋವರೆಗೂ ಪ್ರತಿ ಭೇಟಿಯಲ್ಲೂ ಮುಂದುವರಿಯುತ್ತೆ.

ನನಗೆ ಭಯ ಆಗೋದು ಅಡ್ಮಿಟ್ ಆದ ಮೇಲೆ. ಮನೆಯಲ್ಲಿ ಮಾತ್ರೆ ಬಿಟ್ಟಿರುತ್ತಾರೆ, ಬಿಪಿ ಏರಿರುತ್ತೆ. ಇಷ್ಟು ಔಷಧಿಗೂ ಜಗ್ಗಲಿಲ್ಲ ಅಂದುಕೊಂಡು ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ವಾರ್ಡಿನಲ್ಲಿ ಸಿಸ್ಟರ್ ಪಟ್ಟಿ ನೋಡಿ ಹೊತ್ತುಹೊತ್ತಿಗೆ ಅಷ್ಟನ್ನೂ ಕೊಡುತ್ತಾರೆ. ಆಗ ಬಿಪಿ ಜರ್ರನೆ ಇಳಿದು, ಬಾತ್‌ರೂಮಿಗೆ ಎದ್ದು ಹೋಗುವಾಗ ತಲೆಸುತ್ತಿ ಬೀಳಬಹುದು.

ಡೈಕ್ಲೋಫೆನಾಕ್ ಬಿಪಿ ಏರಿಸುತ್ತೆ, ಕಿಡ್ನಿಗೂ ಭಾರ. ಬಿಪಿಗೆ ಟೆಲ್ಮಿಸಾರ್ಟಾನ್ ಇದ್ದರಂತೂ ಇನ್ನೂ ಎಚ್ಚರ ಬೇಕು. ಇದನ್ನು ಹೇಳೋಕೆ ಆಪರೇಷನ್ ದಿನದವರೆಗೆ ಕಾಯಬೇಡಿ, ಇವತ್ತೇ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟದಂತೆ ಕೊಡೋ ಇಕೋಸ್ಪ್ರಿನ್ (ಆಸ್ಪಿರಿನ್) ಇದ್ದರೆ ನೀವಾಗಿ ನಿಲ್ಲಿಸಬೇಡಿ, ಸರ್ಜನ್ನರನ್ನೇ ಕೇಳಿ.

ಮನೆಯಲ್ಲಿರೋ ಸ್ಟ್ರಿಪ್, ಇನ್ಸುಲಿನ್, ಕಣ್ಣಿನ ಡ್ರಾಪ್ಸ್, ಆಯುರ್ವೇದದ ಚೂರ್ಣ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅಪ್ಪನನ್ನು "ಮಾತ್ರೆ ತಗೋತೀರಾ?" ಅಂದರೆ ಹೂಂ ಅಂದುಬಿಡುತ್ತಾರೆ. ಒಂದೊಂದೇ ಸ್ಟ್ರಿಪ್ ಕೈಗೆ ಕೊಟ್ಟು "ಇದನ್ನ ಕೊನೇ ಸಲ ಯಾವತ್ತು ತಗೊಂಡ್ರಿ?" ಅಂತ ಕೇಳಿ.

ಪ್ರಶ್ನೆ (ರಾಜಾಜಿನಗರ): ಆಭಾ ನಂಬರಿಗೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಎಲ್ಲಾ ಜೋಡಿಸಿದರೆ ಈ ತೊಂದರೆ ತಪ್ಪುತ್ತಲ್ವಾ?

ಉತ್ತರ: ಬೇರೆಬೇರೆ ಆಸ್ಪತ್ರೆಯ ಕಾಗದ ಒಂದೇ ಕಡೆ ಸಿಗೋದು ದೊಡ್ಡ ಅನುಕೂಲವೇ, ಮಾಡಿಸಿಕೊಳ್ಳಿ. ಆದರೆ ಅಲ್ಲಿಗೆ ಬರೋದೂ ಬರೆದುಕೊಟ್ಟ ಔಷಧಿಯೇ. ಇನ್ನೊಂದು ಮಾತು: ಒಂದು ಕಡೆ ಗ್ಲೈಕೋಮೆಟ್ ಅಂತಲೂ ಇನ್ನೊಂದು ಕಡೆ ಮೆಟ್‌ಫಾರ್ಮಿನ್ ಅಂತಲೂ ಇದ್ದರೆ ಅವೆರಡೂ ಒಂದೇ ಶುಗರ್ ಔಷಧಿ, ಮೊದಲನೆಯದು ಬ್ರ್ಯಾಂಡ್ ಹೆಸರು ಅಷ್ಟೇ. ಜನೌಷಧಿ ಕೇಂದ್ರದ್ದನ್ನೂ ಹಳೇ ಬ್ರ್ಯಾಂಡನ್ನೂ ಒಟ್ಟಿಗೆ ನುಂಗಿ ಡೋಸ್ ದುಪ್ಪಟ್ಟು ಮಾಡಿಕೊಂಡವರನ್ನು ನಾನೇ ನೋಡಿದ್ದೀನಿ.

ಪ್ರಶ್ನೆ (ಮಲ್ಲೇಶ್ವರಂ): ಡಾಕ್ಟರು ಬೈತಾರೆ ಅಂತ ಅಪ್ಪ ಹೇಳೋಕೇ ಹಿಂಜರಿತಾರೆ ಮೇಡಂ.

ಉತ್ತರ: ಕಾಲು ಊದೋದು ಆಮ್ಲೋಡಿಪಿನ್‌ನ ಗೊತ್ತಿರೋ ಅಡ್ಡಪರಿಣಾಮ, ಅವರ ತಪ್ಪೇನಿಲ್ಲ. ಹೇಳಿದರೆ ಬೇರೆ ಮಾತ್ರೆ ಬರೆದುಕೊಡ್ತಾರೆ. ನೀವೂ ಜೊತೆಗೆ ಹೋಗಿ, ಅವರ ಬಾಯಿಂದ ಬರದಿದ್ದರೆ ನೀವೇ ಹೇಳಿ. ಆ ಹೆಸರನ್ನ ಕಂಪ್ಯೂಟರಿಂದ ತೆಗೆದರಾ ಅಂತ ಎದುರಿಗೇ ಕೇಳಿಕೊಂಡು ಎದ್ದು ಬನ್ನಿ.